ಕ್ರಾಬಿಯಲ್ಲಿ ಚೀಲ ಕಾದವರು

ಬಾಲಾನಗರ

ನಾವು ಎಲ್ಲಿಗೇ ಹೋಗಲಿ, ಚೀಲ ಕಾಯುವುದು ಅವ್ವನ ಕೆಲಸ. ಹಾಗೆಂದು ಯಾರೂ ಕುಳಿತು ನಿರ್ಧರಿಸಿದ್ದಲ್ಲ. ಸ್ಕೂಟರ್ ಯಾರು ಒರೆಸಬೇಕು, ದೇವರ ದೀಪ ಯಾರು ಹಚ್ಚಬೇಕು ಎಂಬುದು ತಾನಾಗಿ ಗೊತ್ತಾದಂತೆ ಇದೂ ಗೊತ್ತಾಗಿತ್ತು. ಊರಿನ ಮ್ಯೂಸಿಯಮ್ಮಿನಲ್ಲಿ ಗಡಿಯಾರದೊಳಗಿಂದ ಪುಟ್ಟ ಗೊಂಬೆ ಬಂದು ಗಂಟೆ ಬಾರಿಸುವುದನ್ನು ನಾನೂ ಅಪ್ಪನೂ ಎಷ್ಟೋ ಸಲ ನೋಡಿದ್ದೇವೆ. ಅವ್ವ ಹೊರಗಿನ ಬೆಂಚಿನಲ್ಲಿ ಕುಳಿತು ಸದ್ದು ಮಾತ್ರ ಕೇಳಿದ್ದಾಳೆ. ಗೋಕರ್ಣದಲ್ಲಿ ನಾವಿಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಗ ಅವಳು ಮರಳಿನ ಮೇಲೆ, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಿದ್ದಳು. ಯಾಕೆಂದು ಕೇಳಿದ್ದಕ್ಕೆ, ನಾಯಿಗಳು ಬರುವುದು ಊರ ಕಡೆಯಿಂದ, ಸಮುದ್ರದಿಂದ ಅಲ್ಲ ಎಂದಳು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅಂಥವಳಿಗೆ ಮೀನಿನ ಆಸೆ ಹತ್ತಿದ್ದು ಹಿಮಾಯತ್‌ನಗರದ ಒಬ್ಬ ಹಲ್ಲಿನ ಡಾಕ್ಟರರ ಕೋಣೆಯಲ್ಲಿ. ಅಲ್ಲಿ ಕಾಯುವವರ ಸಮಾಧಾನಕ್ಕೆಂದು ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದರು. ಅವ್ವ ತನ್ನ ಸರದಿ ಬಂದರೂ ಏಳದೆ, ಪಕ್ಕದವರನ್ನು ಮುಂದೆ ಕಳಿಸಿ, ಮೀನು ನೋಡುತ್ತ ಕುಳಿತಳು. ಮನೆಗೆ ಬರುವಾಗ ಆಟೋದಲ್ಲಿ ಊದಿದ ಕೆನ್ನೆ ಹಿಡಿದುಕೊಂಡೇ ನನ್ನನ್ನು ಕೇಳಿದಳು.

"ನಾವು ಅವನ್ನ ನೋಡತೀವಿ. ಅವೂ ನಮ್ಮನ್ನ ನೋಡತಾವೇನ?"

ನಾನು ಅದೇ ಬೀದಿಯ ಒಂದು ಪ್ರಕಾಶನದಲ್ಲಿ ಶಾಲೆಯ ವಿಜ್ಞಾನ ಪುಸ್ತಕಗಳ ಅಚ್ಚಿನ ತಪ್ಪು ತಿದ್ದುತ್ತೇನೆ. ಹೀಗಾಗಿ ಜೀವಜಗತ್ತಿನ ಎಲ್ಲ ವಿಷಯವೂ ನನಗೆ ಗೊತ್ತಿರಬೇಕೆಂದು ಮನೆಯವರ ನಂಬಿಕೆ. ಮೀನಿನ ಕಣ್ಣಿನ ರಚನೆಯನ್ನು ವಿವರಿಸಿದೆ. ಅವ್ವ ಕೊನೆಯವರೆಗೂ ಕೇಳಿ, "ಅಂದ್ರ ನಿನಗ ಗೊತ್ತಿಲ್ಲ" ಎಂದಳು.

ಆ ವರ್ಷ ಅಪ್ಪನ ಕಾರ್ಖಾನೆಯಿಂದ ಇಬ್ಬರು ಥಾಯ್ಲೆಂಡಿಗೆ ಹೋಗಿ ಬಂದು ಕ್ಯಾಂಟೀನಿನಲ್ಲಿ ವರ್ಣಿಸಿದ್ದರು. ಹಾಗಾಗಿ ನಾವೂ ಹೋಗುವುದೆಂದಾಯಿತು. ಎಲ್ಲಿಗೆ ಎಂಬುದನ್ನು ನನಗೆ ಬಿಟ್ಟರು. ಕ್ರಾಬಿ ಎಂಬ ಊರಿನಲ್ಲಿ ಈಜು ಬಾರದವರನ್ನೂ ಮಕ್ಕಳು ಮರಿಗಳನ್ನೂ ಸಮುದ್ರಕ್ಕೆ ಕರೆದೊಯ್ಯುವವರು ಇದ್ದರು. ಮೊದಲು ಕಯಾಕ್, ಅಂದರೆ ಒಬ್ಬರ ಹಿಂದೊಬ್ಬರು ಕುಳಿತು ಹುಟ್ಟು ಹಾಕುವ ಸಪೂರ ದೋಣಿ. ಆಮೇಲೆ ಸ್ನಾರ್ಕಲಿಂಗ್, ಅಂದರೆ ಕಣ್ಣುಮೂಗಿಗೆ ಗಾಜಿನ ಮಾಸ್ಕ್ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನಲ್ಲಿ ಮುಖವಿಟ್ಟು ಮೀನು ನೋಡುವುದು. ಅವರು ಹಾಕಿದ್ದ ಮೀನಿನ ಚಿತ್ರವನ್ನು ಅವ್ವನ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದಳು. ಇಷ್ಟು ಹತ್ತಿರ ಬರುತ್ತವೆಯೇ ಎಂದಳು. ಕಣ್ಣಿನಲ್ಲಿ ಆ ಡಾಕ್ಟರರ ಕೋಣೆಯ ಹೊಳಪೇ ಇತ್ತು. ಮರುಕ್ಷಣ ಅದು ಹೋಯಿತು.

"ಅಲ್ಲೆ ಚೀಲ ಎಲ್ಲೆ ಇಡೋದು?"

ಈ ಸಲವಾದರೂ ಅವ್ವ ನೀರಿಗೆ ಇಳಿಯಬೇಕು, ಮೀನು ನೋಡಬೇಕು ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಚರ್ಚೆಯಾಗುತ್ತದೆ, ಚರ್ಚೆಯಾದರೆ ಅವ್ವನೇ ಮೊದಲು ತ್ಯಾಗ ಮಾಡುತ್ತಾಳೆ.

ಅಪ್ಪ ಇನ್‌ಸ್ಪೆಕ್ಷನ್ ವಿಭಾಗದವರು. ವಿಮಾನದೊಳಗೆ ಕೂರುವ ಉಪಕರಣಗಳನ್ನು ಅವರು ಜಗ್ಗಿ, ಅಲುಗಾಡಿಸಿ, ಒಪ್ಪಿದ ಮೇಲೆಯೇ ಮುಂದಕ್ಕೆ ಹೋಗುವುದು. ಮಗಳನ್ನೂ ಹಾಗೆಯೇ ಪರೀಕ್ಷಿಸಬೇಕೆಂದು, ನೀರು ತುಂಬಿಟ್ಟ ಡ್ರಮ್ಮಿನಲ್ಲಿ ಮುಖ ಮುಳುಗಿಸಿ ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ಉಸಿರಾಡಲು ಹೇಳಿದರು. ನಾನು ಮುಳುಗಿಸಿದೆ. ನೀರಿನೊಳಗೆ ಅವರ ಸೂಚನೆಗಳು ಕೇಳಿಸದಿರುವುದು ಹಿತವಾಗಿತ್ತು. ಅಷ್ಟರಲ್ಲಿ ಅವ್ವ ಬಂದಳು.

"ನಾಳಿ ನೀರು ಬರಂಗಿಲ್ಲ. ಕುಡಿಯೋ ನೀರಾಗ ಮುಖ ಅದ್ದಾಕತ್ತಾಳ, ನೀವು ನಿಂತು ನೋಡಾಕತ್ತೀರಿ!"

ತರಬೇತಿ ಅಲ್ಲಿಗೆ ನಿಂತಿತು.

ಶಂಶಾಬಾದ್

ಹೊರಡುವ ದಿನ ಬಂದ್ ಆಗಬಹುದೆಂದು ಟಿವಿಯಲ್ಲಿ ಬಂತು. ಪ್ರತ್ಯೇಕ ರಾಜ್ಯದ ಚಳವಳಿ ನಡೆದಿದ್ದ ಆಗಿನ ಕಾಲದಲ್ಲಿ ಬಂದ್ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಬೀದಿಗೆ ಇಳಿದೇ ನೋಡಬೇಕಿತ್ತು. ಅಪ್ಪ ಅಂಥ ಪ್ರಯೋಗಕ್ಕೆ ಒಪ್ಪುವವರಲ್ಲ. ನಾವು ಏರ್‌ಪೋರ್ಟ್ ಮುಟ್ಟಿದಾಗ ನಮ್ಮ ವಿಮಾನದ ಹೆಸರು ಇನ್ನೂ ಬೋರ್ಡಿನ ಮೇಲೆ ಬಂದಿರಲಿಲ್ಲ. ಬಂದ್ ಆಗಲೂ ಇಲ್ಲ.

ಅವ್ವ ಕಟ್ಟಿದ್ದ ಖಡಕ್ ರೊಟ್ಟಿಯ ಚೀಲ ತಪಾಸಣೆಯ ಯಂತ್ರದಲ್ಲಿ ಒಳಗೆ ಹೋಗಿ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಅಲ್ಲಿದ್ದ ಭದ್ರತೆಯವನು ಒಂದು ರೊಟ್ಟಿ ತೆಗೆದು ಮೇಜಿನ ಅಂಚಿಗೆ ಬಡಿದು ನೋಡಿದ. ಹಂಚು ಬಡಿದ ಸದ್ದಾಯಿತು. ಇದೇನೆಂದು ಹಿಂದಿಯಲ್ಲಿ ಕೇಳಿದ. "ರೋಟಿ ಹೈ" ಎಂದಳು ಅವ್ವ. ಆತ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಆತ ಉತ್ತರದವನಿರಬೇಕು, ತನ್ನ ಊರಿನ ಮೆತ್ತನೆಯ ರೊಟ್ಟಿಯನ್ನು ನೆನೆದು ನಮ್ಮ ಬಗ್ಗೆ ಮರುಕಪಟ್ಟಂತೆ ಕಂಡ. ಜೊತೆಗಿದ್ದ ಕೆಂಪು ಖಾರದ ಡಬ್ಬಿಯನ್ನು ಮೂಸಿ, ತಕ್ಷಣ ಮುಚ್ಚಿ, ಹೋಗಿ ಎಂದ.

ದೋಣಿಯ ದಂಡೆ

ನಮ್ಮ ಮಾರ್ಗದರ್ಶಿ ನೊಯ್ ಎಂಬ ಹುಡುಗಿ. ನನ್ನ ವಯಸ್ಸಿನವಳು, ಆದರೆ ನಾನು ವರ್ಷವಿಡೀ ನಗುವಷ್ಟನ್ನು ಒಂದು ಬೆಳಗ್ಗೆ ನಗುತ್ತಿದ್ದಳು. ನಮ್ಮ ಕಡೆ ಜವಾಬ್ದಾರಿ ಇರುವವರು ಗದರುತ್ತಾರೆ. ಬಸ್ಸಿನ ಕಂಡಕ್ಟರ್, ಆಸ್ಪತ್ರೆಯ ಆಯಾ, ಬ್ಯಾಂಕಿನ ಗುಮಾಸ್ತ, ಎಲ್ಲರೂ ಗದರುವುದರಿಂದಲೇ ಅವರ ಕೈಯಲ್ಲಿ ಕೆಲಸವಿದೆ ಎಂದು ನಮಗೆ ತಿಳಿಯುತ್ತದೆ. ಇಲ್ಲಿ ನಗುತ್ತಾರೆ. ದೋಣಿ ಮಗುಚಿದರೆ ಏನು ಮಾಡಬೇಕೆಂಬುದನ್ನೂ ನೊಯ್ ನಗುತ್ತಲೇ ಹೇಳಿದಳು. ಅಪ್ಪನಿಗೆ ಇದು ಸರಿಬೀಳಲಿಲ್ಲ. ಲೈಫ್ ಜಾಕೆಟ್ ಕೈಗೆ ಬಂದದ್ದೇ ಅದರ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿದರು. ಒಂದನ್ನು ತಿರಸ್ಕರಿಸಿದರು. ಇನ್ನೊಂದನ್ನೂ ತಿರಸ್ಕರಿಸಿದರು. ನೊಯ್ ನಗುತ್ತ ಮೂರನೆಯದನ್ನು ಕೊಟ್ಟಳು. ಅಷ್ಟರಲ್ಲಿ ಉಳಿದ ಪ್ರವಾಸಿಗಳು, ಇವರು ಕಂಪನಿಯ ಕಡೆಯವರೇ ಇರಬೇಕೆಂದು, ತಮ್ಮ ಜಾಕೆಟ್‌ಗಳನ್ನೂ ತೋರಿಸಲು ಸಾಲಾಗಿ ನಿಂತಿದ್ದರು. ಅಪ್ಪ ಯಾರಿಗೂ ಇಲ್ಲವೆನ್ನಲಿಲ್ಲ. ಇಡೀ ಪ್ರವಾಸದಲ್ಲಿ ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಅವ್ವ ಆಗಲೇ ಒಂದು ಮರದ ನೆರಳು ಹುಡುಕಿ, ಪಾಸ್‌ಪೋರ್ಟ್ ಚೀಲವನ್ನು ಕೊರಳಿಗೆ ಹಾಕಿಕೊಂಡು, ಉಳಿದ ಚೀಲಗಳನ್ನು ಸುತ್ತ ಇಟ್ಟುಕೊಂಡು ಕುಳಿತುಬಿಟ್ಟಿದ್ದಳು. ಹಿಮಾಯತ್‌ನಗರದಲ್ಲಿ ಇದಕ್ಕೆಂದೇ ಕೊಂಡ ಹೊಸ ಚೂಡಿದಾರ ತೊಟ್ಟಿದ್ದಳು. ಸೀರೆಯಿಲ್ಲದ ಅವ್ವ ಹೊರಗೆ ಕಂಡದ್ದು ಅದೇ ಮೊದಲು.

"ನೀವು ಅಪ್ಪ ಮಗಳು ಹೋಗಿ ಬರ್ರಿ. ನಾ ಇಲ್ಲೆ ಇರತೀನಿ" ಎಂದಳು.

ನೊಯ್‌ಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಯಾರೂ ಈ ದಂಡೆಗೆ ಮರಳಿ ಬರುವುದಿಲ್ಲ, ದೊಡ್ಡ ದೋಣಿ ನಮ್ಮನ್ನು ಇನ್ನೊಂದು ಕಡೆಯಿಂದ ಕರೆದೊಯ್ಯುತ್ತದೆ, ಚೀಲಗಳನ್ನು ನೀರು ಸೇರದ ಗೋಣಿಯಲ್ಲಿ ಹಾಕಿ ಕಯಾಕಿನ ಹಿಂಬದಿಗೆ ಕಟ್ಟುತ್ತೇವೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ನಾನು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಎದ್ದು ನಿಂತಳು.

"ಚೀಲ ಹೊಂಟಾವಂದ್ರ ನಾನೂ ಹೊಂಟೆ."

ಹೀಗೆ ನಮ್ಮ ಅವ್ವ ಅಂಡಮಾನ್ ಸಮುದ್ರಕ್ಕೆ ಇಳಿದಳು. ಸಾಹಸಕ್ಕಲ್ಲ, ಕರ್ತವ್ಯಕ್ಕೆ.

ಬಂಡೆಗಳ ನಡುವಿನ ನಾಲೆ

ಗೋಣಿ ಕಟ್ಟಿದ್ದು ಹಿಂದಿನ ಆಸನದ ಬೆನ್ನಿಗೆ. ಆದ್ದರಿಂದ ಅವ್ವ ಹಿಂದೆ ಕುಳಿತಳು. ಅಪ್ಪ ಹೇಗೂ ಮುಂದೆಯೇ ಕೂರುವವರಿದ್ದರು. ಬಾಲಾನಗರದಿಂದ ಎಲ್ಲಿಗೆ ಹೋಗುವುದಿದ್ದರೂ ಸ್ಕೂಟರಿನಲ್ಲಿ ಅವರು ಮುಂದೆ, ಅವ್ವ ಹಿಂದೆ. "ಗಾಡಿ ಹೊಡಿಯಾಂವ ಮುಂದ ಕುಂಡರಬೇಕು" ಎಂದು ನನಗೆ ವಿವರಿಸಿದರು.

ಕಯಾಕಿನಲ್ಲಿ ಹಾಗಲ್ಲ. ಮುಂದಿರುವವರು ವೇಗ ಕೊಡುತ್ತಾರೆ, ತಿರುಗಿಸುವುದು ಹಿಂದಿರುವವರು. ಇದನ್ನು ನೊಯ್ ಕೈಯಲ್ಲಿ ಅಭಿನಯಿಸಿ ತೋರಿಸಿದ್ದಳು. ಆಗ ಅಪ್ಪ ಯಾರದೋ ಜಾಕೆಟ್ಟಿನ ಪಟ್ಟಿ ಜಗ್ಗುತ್ತಿದ್ದರು.

ನನಗೆ ಜೋಡಿಯಾಗಿ ಬಂದದ್ದು ಒಬ್ಬಳೇ ಬಂದಿದ್ದ ಬಿಳಿಕೂದಲಿನ ಮುದುಕಿ. ಯಾವ ದೇಶದವಳೋ ಕೇಳಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ. ರೈಲಿನಲ್ಲಾದರೆ ಇಷ್ಟು ಹೊತ್ತಿಗೆ ನನ್ನ ಓದು, ಸಂಬಳ, ಮದುವೆ ಎಲ್ಲವೂ ಬೋಗಿಯ ತುಂಬ ಹರಡಿರುತ್ತಿದ್ದವು. ನಾವಿಬ್ಬರೂ ಒಂದು ಮಾತೂ ಆಡದೆ ಒಂದೇ ಲಯದಲ್ಲಿ ಹುಟ್ಟು ಹಾಕಿದೆವು. ಅಪರಿಚಿತರೊಬ್ಬರೊಡನೆ ನನಗೆ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದು ಕಡಿಮೆ.

ನಾಲೆ ಎತ್ತರದ ಸುಣ್ಣಕಲ್ಲಿನ ಬಂಡೆಗಳ ನಡುವೆ ಹೋಗುತ್ತದೆ. ಎರಡು ಕಡೆಯ ಮರಗಳು ಬೇರುಗಳ ಮೇಲೆ ಎದ್ದು ನಿಂತಿರುತ್ತವೆ, ನೀರು ಬಂದಾಗ ಸೀರೆಯನ್ನು ಮೊಳಕಾಲಿಗೆ ಎತ್ತಿಕೊಂಡ ಹೆಂಗಸರ ಹಾಗೆ. ಅಪ್ಪ ಮುಂದಿನಿಂದ ಎಡಕ್ಕೆ ಎಂದು ಘೋಷಿಸಿ ಎಡಕ್ಕೆ ವಾಲುತ್ತಿದ್ದರು. ಅಲ್ಲಿ ನೋಡಲು ಏನೂ ಇಲ್ಲದಿದ್ದರೆ ದೋಣಿ ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ಒಂದು ನೀಲಿ ಹಕ್ಕಿ ಇರುತ್ತಿತ್ತು, ಅಥವಾ ಬೇರಿನ ಮೇಲೊಂದು ಏಡಿ. ಅಪ್ಪ ಇದನ್ನು ಪ್ರವಾಹದ ಸೆಳೆತವೆಂದು ತಿಳಿದರು. "ಕರೆಂಟ್ ಭಾಳ ಐತಿ, ಹುಷಾರಿ" ಎಂದು ನನಗೂ ಕೂಗಿ ಎಚ್ಚರಿಸಿದರು. ನೀರು ನಮ್ಮ ಡ್ರಮ್ಮಿನಷ್ಟೇ ನಿಶ್ಚಲವಾಗಿತ್ತು. ಅವ್ವ ಹುಟ್ಟನ್ನು ಸಾರಿನ ಸೌಟಿನ ಹಾಗೆ ಹಿಡಿದು, ತನಗೆ ಬೇಕಾದ ಕಡೆ ಮೆಲ್ಲಗೆ ಆಡಿಸುತ್ತಿದ್ದಳು.

ನನ್ನ ಹಿಂದಿದ್ದ ಮುದುಕಿ ಇದನ್ನೆಲ್ಲ ನೋಡಿ ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡಿದಳು. ನಗು ಇರಬೇಕು. ಅಪ್ಪನಿಗೆ ತಿಳಿಸಬಹುದಿತ್ತು. ನಾನು ತಿಳಿಸಲಿಲ್ಲ.

ಮಂಗಗಳ ಮರಳು

ನಾಲೆ ದಾಟಿದ ಮೇಲೆ ಒಂದು ಪುಟ್ಟ ಮರಳದಂಡೆ. ನೀರು ಗಾಜಿನಂತೆ ತಿಳಿ. ಸ್ವಲ್ಪ ಆಚೆ ಬಂಡೆಗಳ ಸುತ್ತ ಮೀನು ಇವೆಯೆಂದು ನೊಯ್ ಬೆರಳು ತೋರಿಸಿದಳು. ಅವ್ವ ಆ ಕಡೆ ಎರಡು ಹೆಜ್ಜೆ ಇಟ್ಟಳು. ಆಗ ದಂಡೆಯ ಹಿಂದಿನ ಮರದಿಂದ ಮಂಗಗಳು ಇಳಿದವು.

ಅವು ಬರುವ ರೀತಿಯಲ್ಲೇ ಅನುಭವ ಕಾಣುತ್ತಿತ್ತು. ಅವ್ವ ಅವುಗಳನ್ನು ನೋಡಿದಳು, ಅವು ಅವ್ವನನ್ನು ನೋಡಿದವು. ಅವ್ವ ಹಿಂದಿರುಗಿ ಬಂದು ಚೀಲಗಳ ನಡುವೆ ಕುಳಿತಳು, ಸಮುದ್ರಕ್ಕೆ ಬೆನ್ನು ಹಾಕಿ. ಗೋಕರ್ಣವೇ ಮತ್ತೆ ಕಣ್ಣೆದುರು ಬಂತು. ಇಷ್ಟು ದೂರ ಬಂದು ಅವಳಿಗೆ ಸಿಗುವುದು ಮಂಗಗಳೇ ಎಂದುಕೊಂಡೆ. ನೊಯ್ ಮಾಸ್ಕ್ ಹಂಚುತ್ತ ಬಂದಾಗ ಅವ್ವ ತನ್ನದನ್ನು ಮಡಿಲಲ್ಲಿ ಇಟ್ಟುಕೊಂಡು ಗಾಜನ್ನು ಚೂಡಿದಾರದ ಅಂಚಿನಿಂದ ಒರೆಸಿದಳು. ಬೇರೆ ಯಾರಿಗೋ ಕೊಡಲು ಸಿದ್ಧ ಮಾಡಿದಂತೆ.

ನಮ್ಮನ್ನು ಕಾಪಾಡಿದ್ದು ಅಪ್ಪನ ಮೀಸೆ.

ಅದು ದಪ್ಪ ಮೀಸೆ. ಅಪ್ಪನಿಗೂ ಅದಕ್ಕೂ ಇರುವ ಸಂಬಂಧ ನನಗಿಂತ ಹಳೆಯದು. ಮಾಸ್ಕಿನ ರಬ್ಬರು ಮೇಲ್ದುಟಿಯ ಚರ್ಮಕ್ಕೆ ಅಂಟಿ ಕೂರಬೇಕು, ಮೀಸೆಯ ಮೇಲೆ ಅದು ಕೂರುವುದಿಲ್ಲ. ಅಪ್ಪ ನೀರಿಗೆ ಬಗ್ಗಿದರು, ಎದ್ದರು, ಮಾಸ್ಕಿನಲ್ಲಿ ಅರ್ಧ ಸಮುದ್ರವಿತ್ತು. ಮತ್ತೆ ಬಗ್ಗಿದರು. ನೊಯ್ ವ್ಯಾಸಲೀನ್ ತಂದು ಮೀಸೆಗೆ ಹಚ್ಚಿಕೊಳ್ಳಲು ಸೂಚಿಸಿದಳು. ಅಪ್ಪ ಹಚ್ಚಿಕೊಂಡರು. ಮೀಸೆ ಹೊಳೆಯಿತು, ನೀರು ಮಾತ್ರ ಮೊದಲಿನಂತೆಯೇ ಬಂತು. ಇನ್ನು ಉಳಿದದ್ದು ಒಂದೇ ಉಪಾಯ ಎಂದು ನೊಯ್ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ನಕ್ಕಳು. ಅಪ್ಪ ಮಾಸ್ಕನ್ನು ಕಳಚಿ, ತಿರುಗಿಸಿ ನೋಡಿ, "ಡಿಸೈನ್ ಸರಿ ಇಲ್ಲ" ಎಂದು ತೀರ್ಪು ಕೊಟ್ಟು ದಂಡೆಗೆ ಬಂದರು.

ನಾನು ಹೆಚ್ಚು ಮಾತಾಡುವವಳಲ್ಲ. ಅವ್ವನ ಕೊರಳಿನಿಂದ ಪಾಸ್‌ಪೋರ್ಟ್ ಚೀಲ ತೆಗೆದೆ. ಅಪ್ಪನ ಕೊರಳಿಗೆ ಹಾಕಿದೆ.

"ನೀವು ಹೆಂಗೂ ಇಲ್ಲೇ ಇರತೀರಲ್ಲ, ಅಪ್ಪಾಜಿ" ಎಂದೆ.

ಅಪ್ಪ ಚೀಲವನ್ನು ನೋಡಿಕೊಂಡರು. ಆಮೇಲೆ ಅವ್ವನನ್ನು. ಅವ್ವ ಇನ್ನೂ ಕುಳಿತೇ ಇದ್ದಳು, ಆದರೆ ಮಾಸ್ಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೀವು ಕಾಯತೀರೇನ?" ಎಂದು ಕೇಳಿದಳು.

"ಅದರಾಗೇನೈತಿ, ಶಾಂತಾ" ಎಂದರು ಅಪ್ಪ.

ಅದರಲ್ಲಿ ಏನೇನಿದೆ ಎಂದು ಅವ್ವ ಹೇಳತೊಡಗಿದಳು. ಪಟ್ಟಿಯನ್ನು ಕೊರಳಿಗಷ್ಟೇ ಅಲ್ಲ, ಮಣಿಕಟ್ಟಿಗೂ ಸುತ್ತಬೇಕು. ಒಂದು ಕಾಲು ಸದಾ ರೊಟ್ಟಿ ಚೀಲದ ಮೇಲಿರಬೇಕು. ಯಾರಾದರೂ ಬಂದು ಏನಾದರೂ ತೋರಿಸಿದರೆ ನೋಡಬಾರದು. ಮುಖ ಯಾವಾಗಲೂ ಕಳ್ಳರು ಬರುವ ಕಡೆ ಇರಬೇಕು. ಮುಖ್ಯವಾಗಿ ಪೇಪರು ಓದಬಾರದು. ಇಷ್ಟು ವರ್ಷ ಅವಳು ಸುಮ್ಮನೆ ಕುಳಿತಿರುತ್ತಾಳೆ ಎಂದುಕೊಂಡಿದ್ದೆ ನಾನು. ಅಪ್ಪ ಮಾತ್ರ ತಲೆಯಾಡಿಸುತ್ತ, ಬೇಗ ಹೋಗಿ ಬರುವಂತೆ ಕೈಬೀಸಿದರು.

ನೀರೊಳಗೆ

ಈಜು ಬಾರದವರಿಗೆ ಲಾರಿಯ ಟ್ಯೂಬಿನಂಥ ಒಂದು ತೇಲುವ ಬಳೆ ಕೊಡುತ್ತಾರೆ. ನಾವು ಅದನ್ನು ಹಿಡಿದು ಮಲಗಿದರೆ ನೊಯ್ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾಳೆ. ನಾನು ಒಂದು ಕಡೆ, ಅವ್ವ ಒಂದು ಕಡೆ. ಅವ್ವ ಮುಖವಿಟ್ಟಳು, ತಕ್ಷಣ ಎತ್ತಿದಳು, ಉಪ್ಪು ಎಂದಳು. ಸಮುದ್ರದ ಬಗ್ಗೆ ಆಕ್ಷೇಪಣೆ ಅಷ್ಟೇ. ಮತ್ತೆ ಮುಖವಿಟ್ಟವಳು ಎತ್ತಲಿಲ್ಲ.

ನನಗೆ ಭಯವಾಗಿತ್ತು. ಡ್ರಮ್ಮಿಗೆ ತಳವಿತ್ತು. ಇಲ್ಲಿ ಕಾಲ ಕೆಳಗೆ ನೀಲಿ ಕಪ್ಪಾಗುತ್ತ ಹೋಗುತ್ತಿತ್ತು. ಆದರೆ ಮೀನುಗಳು ಬಂದ ಮೇಲೆ ಭಯಪಡಲು ಬಿಡುವಾಗಲಿಲ್ಲ. ನಮ್ಮ ಆಟೋಗಳ ಬಣ್ಣದ, ಹಳದಿಯ ಮೇಲೆ ಕಪ್ಪು ಪಟ್ಟೆಯ ಮೀನುಗಳು, ಅಪ್ಪನ ಕಾರ್ಖಾನೆಯ ಪಾಳಿ ಬಿಟ್ಟಾಗ ಗೇಟಿನಿಂದ ಹೊರಬೀಳುವ ಸೈಕಲ್ಲುಗಳ ಹಾಗೆ ಒಟ್ಟಿಗೆ ನುಗ್ಗಿದವು. ಒಂದಕ್ಕೊಂದು ತಾಗಲಿಲ್ಲ. ಅಷ್ಟೇ ವ್ಯತ್ಯಾಸ. ಅವ್ವ ಕೊಳವೆ ಕಚ್ಚಿಕೊಂಡೇ ಏನೋ ಮಾತಾಡುತ್ತಿದ್ದಳು. ಅದು ಕೊಳವೆಯ ತುದಿಯಿಂದ ದೂರದ ಹಡಗಿನ ಸದ್ದಿನಂತೆ ಹೊರಬರುತ್ತಿತ್ತು.

ಆಗ ಗುಂಪಿನಿಂದ ಒಂದು ಮೀನು ಬೇರೆಯಾಗಿ ಅವ್ವನ ಮಾಸ್ಕಿನ ಗಾಜಿನ ಮುಂದೆ ಬಂದು ನಿಂತಿತು. ನೀರಿನೊಳಗೆ ಅವ್ವನ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ನೋಯುವಷ್ಟು ಬಿಗಿಯಾಗಿ. ಮೀನು ಹೋದ ಮೇಲೆ ತಲೆ ಎತ್ತಿ, ಕೊಳವೆ ತೆಗೆದು, ಏದುಸಿರಿನಲ್ಲಿ ಹೇಳಿದಳು.

"ನೋಡತಾವ. ಮೊದಲ ಈ ಕಣ್ಣಿಲೆ ನೋಡಿತು. ಆಮ್ಯಾಲ ಹೊಳ್ಳಿ ಆ ಕಣ್ಣಿಲೆ ನೋಡಿತು."

ನಾನು ತಿದ್ದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಅದೇ ಹೊತ್ತಿಗೆ ದಂಡೆಯ ಕಡೆಯಿಂದ ಕೂಗು ಕೇಳಿತು. ತಿರುಗಿ ನೋಡಿದರೆ ಅಪ್ಪ ಎದ್ದು ನಿಂತು, ಹುಟ್ಟನ್ನು ಎತ್ತಿ ಹಿಡಿದು, ಮರದ ಕಡೆ ಕನ್ನಡದಲ್ಲೂ ಹಿಂದಿಯಲ್ಲೂ ಬಯ್ಯುತ್ತಿದ್ದರು. ಮರದ ಮೇಲೆ ನಮ್ಮ ರೊಟ್ಟಿಯ ಚೀಲ ತೂಗಾಡುತ್ತಿತ್ತು. ಅವ್ವ ನೀರಿನಲ್ಲಿ ತೇಲುತ್ತ ಅದನ್ನು ನೋಡಿದಳು. ಇನ್ನು ಮುಗಿಯಿತು, ದಂಡೆಗೆ ಎಳೆದುಕೊಂಡು ಹೋಗಲು ಹೇಳುತ್ತಾಳೆ ಎಂದುಕೊಂಡೆ. ನೊಯ್ ಕೂಡ ಹಗ್ಗ ಹಿಡಿದು ಕಾಯುತ್ತಿದ್ದಳು.

"ಪಾಸ್‌ಪೋರ್ಟ್ ಚೀಲ ಅವರ ಕೊಳ್ಳಾಗ ಐತೇನ, ನೋಡು" ಎಂದಳು ಅವ್ವ.

ನೋಡಿದೆ. ಇದೆ ಎಂದೆ.

ಅವ್ವ ಕೊಳವೆ ಕಚ್ಚಿ ಮತ್ತೆ ನೀರಿನಲ್ಲಿ ಮುಖವಿಟ್ಟಳು.

ಮರಳಿನ ಮೇಲೆ ಊಟ

ಅಪ್ಪ ಕೊಟ್ಟ ವರದಿ ಹೀಗಿತ್ತು. ಒಂದು ಮಂಗ ಮುಂದೆ ಬಂದು ಕುಳಿತು ಅವರನ್ನೇ ನೋಡತೊಡಗಿತು. ಅವರೂ ಬಿಡದೆ ಅದನ್ನೇ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಂದು ಚೀಲ ಎತ್ತಿಕೊಂಡು ಹೋಯಿತು. ಮೂರನೆಯದೊಂದು ಕೆಂಪು ಖಾರದ ಡಬ್ಬಿ ತೆರೆದು, ಬೆರಳು ಅದ್ದಿ ನೆಕ್ಕಿತು. ಆಮೇಲೆ ಆ ಮಂಗ ತಮ್ಮನ್ನು ನೋಡಿದ ನೋಟವನ್ನು ಅಪ್ಪ ಮರೆಯಲಾರರಂತೆ. ವಿಶ್ವಾಸಘಾತ ತಾವೇ ಮಾಡಿದಂತಾಯಿತು ಎಂದರು. ಮೇಲೆ ಮರದಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದು ಇನ್ನೂ ಕೇಳುತ್ತಿತ್ತು.

ಅವ್ವ ಕೂದಲು ಹಿಂಡಿಕೊಳ್ಳುತ್ತ ಎಲ್ಲವನ್ನೂ ಕೇಳಿದಳು.

"ಹಿಂದ ಯಾರು ಏನು ಮಾಡಾಕತ್ತಾರಂತ ನೀವು ಯಾವಾಗ ನೋಡೀರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ, ಅವಳು ಮಂಗದ ಬಗ್ಗೆಯೇ ಹೇಳಿದ್ದೆಂದು ತಿಳಿದು ಹೌದೆಂದರು. ನಾನು ಅವ್ವನ ಕಡೆ ನೋಡಿದೆ. ಅವಳು ಬಂಡೆಗಳ ಕಡೆ ನೋಡುತ್ತಿದ್ದಳು. ಅಪ್ಪ ಅನಾನಸಿನ ಹೋಳು ತರಲು ಹೋದಾಗ, ನನಗೆ ಮಾತ್ರ ಕೇಳುವಂತೆ ಹೇಳಿದಳು. "ಆ ದೋಣಿ ತಿರಗಸೋದು ಭಾಳ ಹಗುರ ಐತಿ. ಅವರಿಗೆ ಹೇಳಬ್ಯಾಡ."

ಅಂದರೆ ನೊಯ್‌ಳ ಕೈಯ ಅಭಿನಯ ಅವ್ವನಿಗೆ ಮೊದಲೇ ಅರ್ಥವಾಗಿತ್ತು.

ಆ ದಿನ ನಾವು ನೊಯ್ ಬಡಿಸಿದ ಊಟದಲ್ಲಿ ಬರೀ ಅನ್ನ ಮತ್ತು ಹಣ್ಣು ತಿಂದೆವು. ನನ್ನ ಮಾತಿಲ್ಲದ ಗೆಳತಿ ತನ್ನ ಕಿತ್ತಳೆಯನ್ನು ಸುಲಿದು ಅರ್ಧವನ್ನು ಅವ್ವನ ಕೈಯಲ್ಲಿಟ್ಟಳು. ಅವ್ವ ಅವಳಿಗೆ ಮೀನಿನ ವಿಷಯವನ್ನು ಕನ್ನಡದಲ್ಲಿ, ಎರಡೂ ಕಣ್ಣಿನ ಸಮೇತ, ಪೂರ್ತಿ ಹೇಳಿದಳು. ಮುದುಕಿ ಗಂಭೀರವಾಗಿ ಕೇಳಿಸಿಕೊಂಡಳು.

ಮತ್ತೆ ಶಂಶಾಬಾದ್

ಬೆಳಗಿನ ವಿಮಾನದಲ್ಲಿ ಬಂದಿಳಿದೆವು. ಸಾಮಾನು ತಿರುಗುವ ಬೆಲ್ಟಿನ ಹತ್ತಿರ ಬಂಡಿ ತಂದು, ನಮ್ಮ ಪೆಟ್ಟಿಗೆಗಳು ಬಂದಂತೆಲ್ಲ ಅಪ್ಪ ಹಿಡಿಕೆ ಜಗ್ಗಿ ನೋಡಿ ಕೆಳಗಿಟ್ಟರು. ಕಾರ್ಖಾನೆಯಲ್ಲಿ ದೋಣಿ ನಡೆಸಿದ ಕತೆ ಹೇಗೆ ಹೇಳಬೇಕೆಂದು ಅವರು ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದರು. ಅದರಲ್ಲಿ ಕರೆಂಟ್ ಬಹಳ ಇತ್ತು. ಮಂಗಗಳು ಇರಲಿಲ್ಲ.

ಅವ್ವ ಅಭ್ಯಾಸದಂತೆ ಪೆಟ್ಟಿಗೆಗಳ ಪಕ್ಕ ನಿಂತಿದ್ದಳು. ಕಪ್ಪು ರಬ್ಬರಿನ ಪರದೆ ಸರಿಸಿಕೊಂಡು ಯಾರ ಯಾರದೋ ಸಾಮಾನು ಬರುತ್ತಲೇ ಇತ್ತು. ಅದನ್ನು ನೋಡುತ್ತಿದ್ದವಳು ಕೊರಳಿನಿಂದ ಪಾಸ್‌ಪೋರ್ಟ್ ಚೀಲ ತೆಗೆದು ಅಪ್ಪನ ಕಡೆ ಚಾಚಿದಳು.

"ಹಿಡೀರಿ. ಈ ಬೆಲ್ಟ್ ಎಲ್ಲಿಂದ ಬರತೈತಿ ನೋಡಕೊಂಡು ಬರತೀನಿ."

ಅಪ್ಪ ಚೀಲ ತೆಗೆದುಕೊಂಡರು. ಅವ್ವ ಬೆಲ್ಟಿನ ಉದ್ದಕ್ಕೂ, ಚಿಕ್ಕ ಮಕ್ಕಳು ನಿಂತು ಬಗ್ಗಿ ನೋಡುವ ತುದಿಯವರೆಗೆ ನಡೆದಳು. ನಾನು ಅವಳ ಹಿಂದೆ ಹೋದೆ. ಪರದೆಯ ಆಚೆ ಏನೂ ಅಂಥದ್ದು ಇರಲಿಲ್ಲ. ಒಂದು ಟ್ರಾಲಿ, ಸ್ವಲ್ಪ ಬೆಳಕು. ಅವ್ವ ಅದನ್ನೂ ಸಾವಕಾಶವಾಗಿ ನೋಡಿದಳು.

ತಿರುಗಿ ನೋಡಿದಾಗ ಅಪ್ಪ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಪಟ್ಟಿ ಮಣಿಕಟ್ಟಿಗೆ ಸುತ್ತಿತ್ತು, ಒಂದು ಕಾಲು ಚೀಲದ ಮೇಲಿತ್ತು. ಪಕ್ಕದಲ್ಲಿ ಯಾರೋ ಬಿಟ್ಟುಹೋದ ತೆಲುಗು ಪೇಪರು ಮುಟ್ಟದೆ ಬಿದ್ದಿತ್ತು. ಮುಖ ಹೊರಗಿನ ಬಾಗಿಲ ಕಡೆಗೆ, ಬೆನ್ನು ನಮ್ಮ ಕಡೆಗೆ.